ನಂಬಿಕಸ್ಥ ಸಂಖ್ಯೆ

ತಾನು ತಾನೇ ಎಂದು ತೋರಿಸುವುದಕ್ಕೆ ಇನ್ನೊಬ್ಬರು ಬೇಕು ಎಂಬ ಸಂಗತಿ ತಿಮ್ಮರಾಜುವಿಗೆ ಗೊತ್ತಾದದ್ದು ಬುಧವಾರ ಮಧ್ಯಾಹ್ನ ಮೂರೂ ಹತ್ತಕ್ಕೆ, ತುರುವೇಕೆರೆಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಎಲ್ಲರಿಗೂ ಸೇರಿದ ಒಂದೇ ಕಂಪ್ಯೂಟರಿನ ಮುಂದೆ. ಅರವತ್ತೆರಡು ಮಕ್ಕಳ ಇತಿಹಾಸದ ಆಂತರಿಕ ಅಂಕಗಳನ್ನು ಐದು ಗಂಟೆಯೊಳಗೆ ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸಬೇಕಿತ್ತು. ಐದಾದ ಮೇಲೆ ಅದು ಮುಚ್ಚಿಹೋಗುತ್ತದೆ, ಅಂಕ ಬಾರದ ಮಕ್ಕಳ ಫಲಿತಾಂಶವನ್ನು ತಡೆಹಿಡಿಯುತ್ತಾರೆ. ಅಂಕಪಟ್ಟಿ ಎದುರಿಗೇ ಇತ್ತು, ಅವನ ದುಂಡನೆಯ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ. ಹೆಸರು ಹೊಡೆದ, ಪಾಸ್‌ವರ್ಡ್ ಹೊಡೆದ, ಎರಡನ್ನೂ ಅದು ಒಪ್ಪಿತು. ಆಮೇಲೆ ಎಂದಿನಂತೆ ಆರು ಖಾಲಿ ಚೌಕಗಳನ್ನು ತೋರಿಸಿ, ನಿಮ್ಮ ಮೊಬೈಲಿನ ಆ್ಯಪ್‌ನಲ್ಲಿರುವ ಆರು ಅಂಕಿಗಳನ್ನು ನಮೂದಿಸಿ ಎಂದಿತು. ಹೊಸ ಫೋನಿನಲ್ಲಿ ಆ್ಯಪ್ ಏನೋ ಇತ್ತು. ತೆರೆದರೆ ಒಳಗೆ ಬರೀ ಬಿಳಿ. ಹಳೆಯ ಫೋನಿನಲ್ಲಾದರೆ ಅರ್ಧ ನಿಮಿಷಕ್ಕೊಮ್ಮೆ ಹೊಸ ಅಂಕಿಗಳು ತಾವಾಗಿಯೇ ಹುಟ್ಟುತ್ತಿದ್ದವು, ಪಕ್ಕದಲ್ಲಿ ಒಂದು ಸಣ್ಣ ವೃತ್ತ ಕರಗುತ್ತಾ ಹೋಗುತ್ತಿತ್ತು. ಈಗ ಇಲ್ಲಿ ಯಾವ ಖಾತೆಯೂ ಇಲ್ಲ ಎಂಬ ಒಂದು ಸಾಲು ಮಾತ್ರ. ತಿಮ್ಮರಾಜು ಅದನ್ನು ಮುಚ್ಚಿ ಮತ್ತೆ ತೆರೆದ. ಮೂರನೇ ಸಲವೂ ತೆರೆದ.

ಹಳೇ ಫೋನನ್ನು ಭಾನುವಾರ ತಿಪಟೂರಿನ ಅಂಗಡಿಯಲ್ಲಿ ವಿನಿಮಯಕ್ಕೆ ಕೊಟ್ಟಿದ್ದ. ಅಂಗಡಿಯವನು ಅದನ್ನು ಅವನೆದುರಿಗೇ ಅಳಿಸುವ ಮುಂಚೆ, ಎಲ್ಲಾ ತಗೊಂಡಿದೀರಾ ಸರ್, ಆಮೇಲೆ ಸಿಗಲ್ಲ ಎಂದು ಎರಡು ಸಲ ಕೇಳಿದ. ತಿಮ್ಮರಾಜು ಎರಡು ಸಲವೂ ಹೂಂ ಅಂದ. ಅದರಲ್ಲಿ ನಯನಳ ಫೋಟೋಗಳಿದ್ದವು. ಮದುವೆಯ ಬಿಡುಗಡೆ ಪತ್ರ ಕೈಗೆ ಬಂದು ನಾಲ್ಕು ವರ್ಷವಾದರೂ ಅವನ್ನು ತಾನಾಗಿ ಅಳಿಸಲು ಅವನಿಗೆ ಕೈ ಬಂದಿರಲಿಲ್ಲ. ಬೇರೆಯವರ ಕೈಯಲ್ಲಿ ಅಳಿಸಿಹೋಗಲಿ ಎಂದು ಒಳಗೊಳಗೇ ಇಷ್ಟು ದಿನ ಕಾದಿದ್ದನೋ ಏನೋ. ಅಳಿಸಿ ಮುಗಿಯಿತೆಂದು ಫೋನು ಹೇಳಿದಾಗ ಹಗುರಾದಂತಾಗಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ ತಿಂದು, ಇನ್ನೊಂದು ಬೇಕೆನ್ನಿಸಿ ಅದನ್ನೂ ತಿಂದಿದ್ದ. ಆ ಖುಷಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅಂಕಿ ಹುಟ್ಟಿಸುವ ಆ್ಯಪ್‌ನ ನೆನಪು ಅವನ ತಲೆಯ ಯಾವ ಮೂಲೆಗೂ ಬರಲಿಲ್ಲ.

ಕಂಪ್ಯೂಟರ್ ವಿಭಾಗದ ಇಮ್ದಾದ್ ಪಕ್ಕದ ಮೇಜಿನಿಂದ ಎದ್ದು ಬಂದ. ಕಾಲೇಜಿಗೆ ಬಂದು ಎರಡು ವರ್ಷವಾಗಿರುವ, ಯಾರ ಸಂಕಟಕ್ಕಾದರೂ ಕುರ್ಚಿ ಎಳೆದುಕೊಂಡು ಕೂರುವ ಹುರುಪಿನ ಮನುಷ್ಯ. ಆ ಹುರುಪು ತಿಮ್ಮರಾಜುವಿಗೆ ಕೆಲವು ಸಲ ತಡೆಯಲಾಗದಷ್ಟು ಕಿರಿಕಿರಿ. ಫೋನ್ ಬದಲಾಯಿಸುವ ಮುಂಚೆ ಇದನ್ನು ಬೇರೆಯಾಗಿ ಎತ್ತಿಕೊಳ್ಳಬೇಕು, ಇದು ಫೋನ್ ನಂಬರುಗಳ ಥರ ತಾನಾಗಿ ಬರುವುದಿಲ್ಲ ಎಂದು ಇಮ್ದಾದ್ ಮೆಲ್ಲಗೆ ಹೇಳಿದ. ಆದರೂ ದಾರಿಯಿದೆ, ಆ್ಯಪ್ ಮರುಹೊಂದಿಸಿ ಎಂಬ ಕಡೆ ಒತ್ತಿದರೆ ಆಯಿತು ಎಂದು ತಾನೇ ಒತ್ತಿದ. ಆಗ ಪರದೆಯ ಮೇಲೆ ಯಾರೋ ಪುಣ್ಯಾತ್ಮರು ಇಂಗ್ಲಿಷಿನಿಂದ ತಿರುಗಿಸಿದ್ದ ಆ ಮಾತು ಬಂತು. ನಿಮ್ಮ ನಂಬಿಕಸ್ಥ ಸಂಖ್ಯೆಗೆ ಆರು ಅಂಕಿಗಳ ಸಂದೇಶ ಕಳುಹಿಸಲಾಗುವುದು. ಹತ್ತು ನಿಮಿಷದೊಳಗೆ ನಮೂದಿಸಿ. ಮೂರು ಬಾರಿ ತಪ್ಪಿದಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು. ಕೆಳಗೆ ಎಂಟು ನಕ್ಷತ್ರಗಳು, ಕೊನೆಗೆ ಮೂವತ್ತೊಂದು. ಅದರ ಪಕ್ಕದಲ್ಲಿ ಸಂಬಂಧ: ಅತ್ತೆ.

‘ಯಾರದು ಸರ್, ಮೇಡಂ ಅವರ ತಾಯಿಯವರದಾ?’ ಎಂದು ಇಮ್ದಾದ್ ಕೇಳಿದ. ಅವನಿಗೆ ಗೊತ್ತಿಲ್ಲ. ತಿಮ್ಮರಾಜು ಯಾರಿಗೂ ಹೇಳಿರಲಿಲ್ಲ. ಹಳಬರಿಗೆ ಹೇಳದೆಯೇ ಗೊತ್ತಿತ್ತು, ಹೊಸಬರಿಗೆ ಹೇಳುವ ಸಂದರ್ಭ ಬರಲಿಲ್ಲ. ಹೌದು ಅಂದರೆ ಸುಳ್ಳು, ಅಲ್ಲ ಅಂದರೂ ಸುಳ್ಳು. ಅರಳಗುಪ್ಪೆಯಲ್ಲಿ ನಮ್ಮ ಅತ್ತೆ ಇದ್ದಾರೆ ಅಂದ. ಅದು ಮಾತ್ರ ನಿಜವಾಗಿತ್ತು. ಹಾಗಾದರೆ ಸಲೀಸಾಯಿತು, ಒಂದು ಫೋನ್ ಮಾಡಿ ಕೇಳಿಬಿಡಿ ಸರ್ ಎಂದು ಇಮ್ದಾದ್ ತನ್ನ ಮೇಜಿಗೆ ಮರಳಿದ. ಒಂದು ಫೋನ್ ಮಾಡಿ. ತಿಮ್ಮರಾಜು ಹೊಸ ಫೋನನ್ನು ಎತ್ತಿಕೊಂಡು ವರಾಂಡಕ್ಕೆ ಹೋಗಿ, ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡಿನ ಹಿಂದಿನ ತೆಂಗಿನ ಮರದ ನೆರಳಿಗೆ ಹೋಗಿ ನಿಂತ. ಅಲ್ಲಿಂದ ಕಾಲೇಜಿನ ಯಾವ ಕಿಟಕಿಗೂ ಅವನು ಕಾಣುವುದಿಲ್ಲ.

ಹೊಂಬಾಳಮ್ಮ ಅವನ ಅಪ್ಪನ ತಂಗಿ. ಅವಳು ಎರಡು ಲೆಕ್ಕದಲ್ಲಿ ಅತ್ತೆ: ಹುಟ್ಟಿನಿಂದ ಸೋದರತ್ತೆ, ನಯನಳನ್ನು ಮದುವೆಯಾದ ಮೇಲೆ ಹೆಣ್ಣು ಕೊಟ್ಟ ಅತ್ತೆ. ಎರಡಕ್ಕೂ ಒಂದೇ ಮಾತು, ಕರೆಯುವವನು ಬಾಯಿ ಬದಲಾಯಿಸಬೇಕಾಗಿರಲಿಲ್ಲ. ಬದಲಾಯಿಸಿದ್ದು ಅವಳು. ಧಾರೆಯಾದ ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು, ತಗೊಳ್ಳಿ ಅಂದಳು. ಅಲ್ಲಿಯವರೆಗೆ ಲೇ ತಿಮ್ಮ, ಬಾರ್ಲಾ ಇಲ್ಲಿ, ತಿನ್ನು ಕಣ್ಲಾ ಎಂದು ಕರೆಯುತ್ತಿದ್ದ ಅದೇ ಬಾಯಿ. ಅವ್ವ ಸತ್ತ ವರ್ಷ, ಅವನಿಗಾಗ ಏಳು, ಒಂದು ಇಡೀ ಬೇಸಗೆ ಅವನ ತಲೆಗೆ ಎಣ್ಣೆ ತಟ್ಟಿ ಬಿಸಿನೀರು ಹುಯ್ದಿದ್ದ ಕೈ. ಅಳಿಯನಿಗೆ ಬಹುವಚನ ಕೊಡುವುದು ಅಲ್ಲಿನ ಮರ್ಯಾದೆ, ಅವನಿಗೂ ಗೊತ್ತಿತ್ತು. ಆದರೆ ಆ ತಗೊಳ್ಳಿಯನ್ನು ಕೇಳಿ ಅವನಿಗೆ ಅವತ್ತು ಯಾರೋ ತನ್ನನ್ನು ಮನೆಯಿಂದಾಚೆ ಜಗುಲಿಯ ಮೇಲೆ ಕೂರಿಸಿದ ಹಾಗಾಗಿ, ಕಾಫಿ ಕುಡಿಯದೆ ತಣ್ಣಗಾಗಿಸಿದ್ದ. ನಯನ ನಕ್ಕಿದ್ದಳು. ಆಗ ನಗುತ್ತಿದ್ದಳು. ಆರು ವರ್ಷದ ಹಿಂದೆ ಈ ಪೋರ್ಟಲ್ ಬಂದಾಗ ನಂಬಿಕಸ್ಥರ ಸಂಖ್ಯೆ ಕೇಳಿದ್ದಕ್ಕೆ ನಯನಳದ್ದನ್ನು ಕೊಡದೆ ಅತ್ತೆಯದ್ದನ್ನು ಕೊಟ್ಟಿದ್ದ. ನಯನಳ ಫೋನು ಸದಾ ಸೈಲೆಂಟು, ಅತ್ತೆಯದು ಮೊದಲ ರಿಂಗಿಗೇ ಎತ್ತುವ ಫೋನು ಎಂಬುದಷ್ಟೇ ಕಾರಣ. ಅಥವಾ ಅಷ್ಟೇ ಅಲ್ಲವೇನೋ. ಆಗಲೇ ಮನೆಯಲ್ಲಿ ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಉಪ್ಪು ಹೆಚ್ಚು, ಬಾಗಿಲು ಹಾಕಿ, ಲೈಟ್ ಆರಿಸಿ ಎಂಬಷ್ಟಕ್ಕೆ ಇಳಿದಿತ್ತು. ಯಾರದೂ ಇಂಥದೇ ಎಂದು ತೋರಿಸುವಂಥ ತಪ್ಪಲ್ಲ. ಒಂದು ದಿನ ಅವಳು ತವರಿಗೆ ಹೋದವಳು ಬರಲಿಲ್ಲ, ಅವನು ಕರೆಯಲೂ ಹೋಗಲಿಲ್ಲ.

ಹೋಗಲಿಲ್ಲ ಎಂಬ ಮಾತು ಅವನಿಗೆ ಇನ್ನೊಂದು ಕಡೆಗೂ ಸೇರಿದ್ದು. ಹಿಂದಿನ ವರ್ಷ ಶ್ರಾವಣದಲ್ಲಿ ಕೆಂಪಯ್ಯ ಮಾವ ತೀರಿಕೊಂಡರು. ಅತ್ತೆಯ ಗಂಡ, ಅವನಿಗೆ ಈಜು ಕಲಿಸಿದವರು. ಸುದ್ದಿ ಬೆಳಿಗ್ಗೆ ಎಂಟಕ್ಕೇ ಬಂತು, ಮಧ್ಯಾಹ್ನ ಎರಡಕ್ಕೆ ಮಣ್ಣು ಎಂದೂ ಗೊತ್ತಾಯಿತು. ತಿಮ್ಮರಾಜು ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ, ಊರಿನ ಕ್ರಾಸಿನಲ್ಲಿ ಇಳಿದ. ಅಲ್ಲಿಂದ ಮನೆಗೆ ನಡೆದರೆ ಹತ್ತು ನಿಮಿಷ. ಹಾರದ ಪೊಟ್ಟಣ ಕೈಯಲ್ಲಿ ಹಿಡಿದು, ಯಾವ ಲೆಕ್ಕದಲ್ಲಿ ಒಳಗೆ ಹೋಗುವುದು, ಎಲ್ಲಿ ಕೂರುವುದು, ನಯನ ಮತ್ತವಳ ಹೊಸ ಗಂಡ ಹೆಣದ ಪಕ್ಕದಲ್ಲೇ ಇದ್ದರೆ ಯಾರ ಮುಖ ನೋಡುವುದು ಎಂದು ಯೋಚಿಸುತ್ತಾ ಟೀ ಅಂಗಡಿಯ ಕಲ್ಲಿನ ಮೇಲೆ ಕೂತ. ಒಂದು ಟೀ ಕುಡಿದ. ಇನ್ನೊಂದು ಕುಡಿದ. ತಮಟೆ ಸದ್ದು ಕೇಳಿಸಿತು, ಆಮೇಲೆ ನಿಂತಿತು. ಹಾರವನ್ನು ಕಲ್ಲಿನ ಪಕ್ಕದ ಬೇಲಿಗೆ ಸಿಕ್ಕಿಸಿ ನಾಲ್ಕರ ಬಸ್ಸಿಗೆ ವಾಪಸಾದ. ಹೋಗದೇ ಇದ್ದಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಅರ್ಧ ದಾರಿ ಹೋಗಿ ಟೀ ಕುಡಿದು ಬಂದವನು ಎಂಬುದನ್ನು ಯಾರ ಮುಂದೆಯೂ ಹೇಳಲಾಗದೆ ಒಂದೂವರೆ ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದಾನೆ.

ತೆಂಗಿನ ಮರದ ಕೆಳಗೆ ನಿಂತು ಫೋನಿನ ಹೆಸರುಗಳನ್ನು ಮೇಲೆ ಕೆಳಗೆ ಓಡಿಸಿದ. ಅತ್ತೆಗೆ ಮಾಡದೆ ಬೇರೆ ದಾರಿ ಇದೆಯೇನೋ ಎಂಬಂತೆ. ಗ್ಯಾಸಿನವನು, ಹಾಲಿನವನು, ಕಾಲೇಜು ಕಚೇರಿ, ತುಮಕೂರಿನ ಕಣ್ಣಿನ ಡಾಕ್ಟರು, ಯಾವ ಊರಿನದೋ ಮರೆತುಹೋದ ಬಸ್ಸಿನ ಏಜೆಂಟು. ಮೂರೂ ಐವತ್ತೈದಕ್ಕೆ ಪ್ರಾಂಶುಪಾಲ ಮಲ್ಲಿಕಾರ್ಜುನಯ್ಯನವರು ತಾವೇ ವರಾಂಡದ ತುದಿಗೆ ಬಂದು, ಮರದ ಹಿಂದೆ ಇಣುಕಿ, ಇತಿಹಾಸ ಒಂದೇ ಬಾಕಿ ಉಳಿದಿದೆಯಂತಲ್ರೀ, ಕನ್ನಡದವರು ಮೊನ್ನೆಯೇ ಮುಗಿಸಿದರಂತೆ ಎಂದರು. ಆಗುತ್ತದೆ ಸಾರ್ ಎಂದ. ಇಲ್ಲಿ ನೆರಳಲ್ಲಿ ನಿಂತರೆ ಹೇಗೆ ಆಗುತ್ತದೆ ಎಂದು ಅವರು ನಗುತ್ತಾ ಕೇಳಿ ಹೋದರು. ಪಕ್ಕದಲ್ಲಿ ಸೈಕಲ್ ತೆಗೆಯುತ್ತಿದ್ದ ಇಬ್ಬರು ಹುಡುಗಿಯರು, ಅವನದೇ ತರಗತಿಯವರು, ಕೇಳಿಸದವರಂತೆ ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದು ನಗುವುದಕ್ಕಿಂತ ಹೆಚ್ಚು ನೋಯಿಸಿತು. ಆ ಇಬ್ಬರ ಅಂಕವೂ ಪಟ್ಟಿಯಲ್ಲಿತ್ತು, ಒಬ್ಬಳಿಗೆ ಹದಿನೆಂಟು, ಇನ್ನೊಬ್ಬಳಿಗೆ ಹತ್ತೊಂಬತ್ತು. ತಿಮ್ಮರಾಜು ಒಳಗೆ ಹೋಗಿ, ಸಂದೇಶ ಕಳುಹಿಸಿ ಎಂಬುದನ್ನು ಒತ್ತಿ, ಕಂಪ್ಯೂಟರಿನ ಮುಂದೆಯೇ ಕೂತು ಅತ್ತೆಯ ಸಂಖ್ಯೆ ಒತ್ತಿದ.

ಮೊದಲ ರಿಂಗಿಗೇ ಎತ್ತಿದಳು. ಹಲೋ ಅನ್ನಲಿಲ್ಲ, ಯಾರು ಅನ್ನಲಿಲ್ಲ. ಆ ಕಡೆಯಿಂದ ಸುಲಿದ ಕಾಯಿಗಳು ಒಂದರ ಮೇಲೊಂದು ಬೀಳುವ ಸದ್ದು, ಗಂಡಸರಿಬ್ಬರ ಎಣಿಕೆಯ ಕೂಗು. ಅವಳ ಮಗ ತೋಟ ನೋಡಿಕೊಳ್ಳುತ್ತಿದ್ದರೂ ಕಾಯಿ ಎಣಿಸುವ ದಿನ ರಾಶಿಯ ಮುಂದೆ ಅವಳೇ ನಿಂತಿರುತ್ತಾಳೆ. ಅತ್ತೆ, ನಾನು ತಿಮ್ಮರಾಜು ಅಂದ. ‘ಗೊತ್ತಾಯ್ತು’ ಅಂದಳು. ಅವನು, ಕಾಲೇಜಿನ ಕೆಲಸಕ್ಕೆ ಒಂದು ಸಂಖ್ಯೆ ಬೇಕಾಗಿದೆ, ನಿಮ್ಮ ಫೋನಿಗೆ ಬಂದಿರುತ್ತದೆ, ಈಗ ತಾನೇ ಬಂದ ಮೆಸೇಜಿನಲ್ಲಿ ಆರು ಅಂಕಿ ಇರುತ್ತವೆ ಎಂದು ಕ್ಲಾಸಿನಲ್ಲಿ ಪಾಠ ಹೇಳುವವನಂತೆ ಹೇಳಿದ. ಚೆನ್ನಾಗಿದ್ದೀರಾ ಎಂದು ಕೇಳುವುದಕ್ಕೆ ಮುಂಚೆ ಅದನ್ನು ಹೇಳಿದ್ದು ಹೇಳಿದ ಮೇಲೆ ಹೊಳೆಯಿತು. ಅವಳು ಕನ್ನಡಕ ಎಲ್ಲೋ ಇಟ್ಟಿದ್ದಳು, ಹುಡುಕಿದಳು. ಬಂದೈತೆ ಎಂದಳು. ಓದಬೇಕಾ ಎಂದಳು. ಬೇಕಾ, ಓದ್ಲಾ, ಅಂದರೆ ಆಯಿತು. ಅವನನ್ನು ನೀನು ಎಂದೂ ಕರೆಯದೆ ನೀವು ಎಂದೂ ಕರೆಯದೆ ಅವಳು ಮಾತನ್ನು ಹೇಗೋ ಬದಿಯಿಂದ ನಡೆಸುತ್ತಿದ್ದಾಳೆ ಎಂಬುದು ಅವನಿಗೆ ಎರಡನೇ ಮಾತಿಗೇ ತಿಳಿಯಿತು.

‘ನಾಕು’ ಎಂದಳು. ‘ಲಾಭ. ಎಂಟು. ಸೊನ್ನೆ. ಎರಡು. ಆರು.’

ಹಿಂದೆ ಎಣಿಸುವವರು ಹೊಸ ನೂರು ಶುರು ಮಾಡುತ್ತಿದ್ದರು. ಲಾಭ ಎಂಬುದು ಅವರ ಕೂಗಿಗೆ ಇವಳು ದನಿಗೂಡಿಸಿದ್ದು ಎಂದುಕೊಂಡು ಅವನು ನಾಲ್ಕು, ಎಂಟು, ಸೊನ್ನೆ, ಎರಡು, ಆರು ಒತ್ತಿದ. ಐದೇ ಆದವು. ಒಂದು ಚೌಕ ಖಾಲಿ. ಕೊನೆಯದೇನು ಎಂದು ಕೇಳಿದ. ಆರು ಎಂದಳು. ಹಾಗಾದರೆ ಕೊನೆಗೆ ಎರಡು ಆರು ಇರಬೇಕೆಂದು ಇನ್ನೊಂದು ಆರು ಒತ್ತಿದ. ಪರದೆ ಕೆಂಪಾಯಿತು. ಒಂದು ಬಾರಿ ತಪ್ಪಿದೆ, ಹೊಸ ಸಂದೇಶಕ್ಕೆ ಹತ್ತು ನಿಮಿಷ ಕಾಯಿರಿ. ಗಂಟೆ ನಾಲ್ಕು ದಾಟಿ ಐದು ನಿಮಿಷ. ತಪ್ಪಾಯಿತು, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡುತ್ತೇನೆ ಅಂದ. ಇಡುವುದು ಬೇಡ, ಆಮೇಲೆ ಸಿಗ್ನಲ್ ಸಿಕ್ಕುತ್ತೋ ಇಲ್ಲವೋ, ಹಂಗೇ ಇರಲಿ ಎಂದಳು. ಹಾಗೆ ಇಬ್ಬರೂ ಫೋನನ್ನು ಕಿವಿಗೆ ಹಿಡಿದು, ಮಾತಾಡಬೇಕೆಂದು ಯಾರೂ ಅಂದುಕೊಳ್ಳದೆ ಒಬ್ಬರಿಗೊಬ್ಬರು ಸಿಕ್ಕಿಹಾಕಿಕೊಂಡರು. ಅವಳು ಕಾಯಿ ರಾಶಿಯಿಂದ ತುಸು ದೂರ ನಡೆದಿರಬೇಕು, ಎಣಿಕೆಯ ಸದ್ದು ಸಣ್ಣಗಾಯಿತು. ತೆಂಗಿಗೆ ಈ ಸಲ ನುಸಿ ಜಾಸ್ತಿ ಎಂದಳು. ಹೂಂ ಎಂದ. ಇಲ್ಲಿಯೂ ಹಾಗೇ ಎಂದು ಸೇರಿಸಿದ. ಅವನ ಬಾಡಿಗೆ ಮನೆಯ ಸುತ್ತ ಒಂದೂ ಮರವಿಲ್ಲ.

‘ಸೋಮಾರ ಸೋಮಾರ ಬತ್ತದೆ’ ಎಂದಳು, ಸ್ವಲ್ಪ ಹೊತ್ತಿನ ಮೇಲೆ. ಏನು ಎಂದು ಕೇಳಿದ. ಮೆಸೇಜು ಎಂದಳು. ತಿಮ್ಮರಾಜು ಕೆ. ಇವರು ಹೊಸ ಯಂತ್ರದಿಂದ ಪ್ರವೇಶಿಸಿರುತ್ತಾರೆ, ನೀವು ಇವರ ನಂಬಿಕಸ್ಥರಾಗಿರುತ್ತೀರಿ ಎಂದು ಬರೆದಿರುತ್ತಾರಂತೆ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಬರುತ್ತದಂತೆ. ತಿಮ್ಮರಾಜು ಎದುರಿನ ಕಂಪ್ಯೂಟರನ್ನು ನೋಡಿದ. ಎಲ್ಲರೂ ಬಳಸುವ ಯಂತ್ರ. ವಾರದ ಹಾಜರಿ ತುಂಬಲು ಪ್ರತಿ ಸೋಮವಾರ ಅವನು ಇದರ ಮುಂದೆ ಕೂತಾಗಲೂ ಪೋರ್ಟಲ್ ಇದನ್ನು ಹೊಸದೆಂದೇ ತಿಳಿದು, ಅರಳಗುಪ್ಪೆಗೆ ಸುದ್ದಿ ಮುಟ್ಟಿಸುತ್ತಿತ್ತು. ಆರು ವರ್ಷ. ಅವನಿಗೆ ಗೊತ್ತೇ ಇರಲಿಲ್ಲ. ಮೊದಮೊದಲು ಏನೋ ಬ್ಯಾಂಕಿನದು ಎಂದು ಬಿಟ್ಟಿದ್ದಳಂತೆ, ಆಮೇಲೆ ಹೆಸರು ಓದಿದಳಂತೆ. ‘ಬಂತು ಅಂದ್ರೆ, ಸರಿ, ಎದ್ದವ್ನೆ, ಕಾಲೇಜ್ಗೆ ಹೋಗವ್ನೆ ಅಂತ ಅನ್ಕಳದು’ ಎಂದಳು. ‘ಹೋದ ಕಾರ್ತೀಕದಲ್ಲಿ ಎಲ್ಡು ವಾರ ಬರ್ಲಿಲ್ಲ. ಜ್ವರ ಗಿರ ಬಂದಿತ್ತಾ?’

ಬಂದಿತ್ತು. ಕೀಲು ಕೀಲಿಗೂ ನೋವು ಹೊಕ್ಕಂಥ ಜ್ವರ. ಹನ್ನೊಂದು ದಿನ ಅವನು ರೂಮಿನಲ್ಲಿ ಮಲಗಿದ್ದ, ಹೋಟೆಲಿನವನು ಗಂಜಿಯ ಡಬ್ಬಿಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಿದ್ದ. ನಾಲ್ಕನೇ ದಿನವೋ ಐದನೇ ದಿನವೋ, ತಾನು ಸತ್ತರೆ ಎಷ್ಟು ದಿನಕ್ಕೆ ಗೊತ್ತಾದೀತು ಎಂದು ಗೋಡೆ ನೋಡುತ್ತಾ ಎಣಿಸಿದ್ದ. ಡಬ್ಬಿ ಹಾಗೇ ಉಳಿದರೆ ಹೋಟೆಲಿನವನಿಗೆ ಎರಡು ದಿನ, ಕಾಲೇಜಿನವರಿಗೆ ರಜೆ ಮುಗಿದ ಮೇಲೆ. ಲೋಕದಲ್ಲಿ ಇನ್ನಾರಿಗೂ ಅಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು, ಖಾತ್ರಿಯಾದ್ದರಿಂದ ಒಂದು ಬಗೆಯ ನೆಮ್ಮದಿಯೂ ಆಗಿತ್ತು. ಆ ಎರಡು ಸೋಮವಾರ ಅತ್ತೆ ಫೋನು ತೆಗೆದು ನೋಡಿದ್ದಳು. ಹತ್ತೂವರೆಗೆ ನೋಡಿ, ಹನ್ನೊಂದಕ್ಕೆ ನೋಡಿ, ಬರಲಿಲ್ಲ ಎಂದು ಒಳಗಿಟ್ಟಿದ್ದಳು. ತಿಮ್ಮರಾಜುವಿಗೆ ಕಣ್ಣು ತುಂಬಿ ಬಂದು ಪರದೆಯ ಅಕ್ಷರಗಳು ಕಲಸಿಹೋದವು. ಪಕ್ಕದಲ್ಲಿ ಇಮ್ದಾದ್ ಇದ್ದಾನೆಂದು ಕೆಮ್ಮಿದ. ಹೌದು ಅತ್ತೆ, ಬಂದಿತ್ತು, ಈಗ ವಾಸಿ ಎಂದ. ಒಂದು ಫೋನು ಮಾಡಬೇಕು ಅನ್ನಿಸ್ತಿತ್ತು ಎಂದಳು. ಮಾಡಿದರೆ ಏನೆಂದು ಮಾತಾಡಿಸುವುದು ಎಂದು ಸುಮ್ಮನಾದಳಂತೆ.

ಅವನು ಆಗ ಹೇಳಿಬಿಡಬೇಕೆಂದುಕೊಂಡ. ಮಾವ ಹೋದ ದಿನ ಕ್ರಾಸಿನ ತನಕ ಬಂದಿದ್ದೆ ಎಂದು. ಬಾಯಿಯವರೆಗೂ ಬಂತು. ಆದರೆ ಟೀ ಅಂಗಡಿ, ಕಲ್ಲು, ಎರಡು ಟೀ ಎಲ್ಲವೂ ಅದರ ಜೊತೆಗೇ ಬಂದು, ಮಾವ ಹೋದಾಗ ಬರಲಾಗಲಿಲ್ಲ ಎಂದಷ್ಟೇ ಅಂದ. ಸಿಗ್ನಲ್ ಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದ, ಸೆಕೆಂಡುಗಳು ಓಡುತ್ತಿದ್ದವು.

‘ಅಳಿಯ ಬರ್ಲಿ ಅಂತ ನಾನು ಕಾಯ್ಲಿಲ್ಲ’ ಎಂದಳು ಹೊಂಬಾಳಮ್ಮ. ‘ಅದು ಮುಗ್ದೋಗಿತ್ತು, ಅದ್ಕೇನು. ಅಣ್ಣನ ಮಗ ಬತ್ತಾನೆ ಅಂತ ಇದ್ದೆ. ಮಣ್ಣು ಮಾಡದ್ನ ಒಂದ್ಗಂಟೆ ತಡ ಮಾಡ್ಸಿದ್ದೆ.’

ಆ ಒಂದು ಗಂಟೆಯನ್ನು ಅವನು ಎಲ್ಲಿ ಕಳೆದಿದ್ದ ಎಂದು ಅವಳಿಗೆ ಗೊತ್ತಿಲ್ಲ. ಹೆಣದ ಮುಂದೆ ಕೂತ ಅಷ್ಟೂ ಜನರನ್ನು ತಾಳಿ ತಾಳಿ ಎಂದು ಕಾಯಿಸಿ ಬಾಗಿಲ ಕಡೆ ನೋಡುತ್ತಿದ್ದ ಅವಳಿಗೂ, ಕಲ್ಲಿನ ಮೇಲೆ ಕೂತಿದ್ದ ಅವನಿಗೂ ನಡುವೆ ಹತ್ತು ನಿಮಿಷದ ದಾರಿ. ಮದುವೆ ಮುರಿದಾಗ ಅವನು ಒಬ್ಬಳೇ ಅತ್ತೆಯನ್ನು ಬಿಟ್ಟೆನೆಂದು ತಿಳಿದಿದ್ದ. ಇನ್ನೊಬ್ಬ ಅತ್ತೆ, ತಲೆಗೆ ನೀರು ಹುಯ್ದವಳು, ಅದೇ ಹೆಸರಿನೊಳಗೆ ಇದ್ದಾಳೆಂದು ಯಾಕೆ ಹೊಳೆಯಲಿಲ್ಲ? ಹೊಳೆದಿತ್ತು. ಹೊಳೆದದ್ದರಿಂದಲೇ ಹೆದರಿದ್ದ. ಪರದೆಯ ಮೇಲೆ ಹತ್ತು ನಿಮಿಷ ಮುಗಿದು, ಸಂದೇಶ ಕಳುಹಿಸಿ ಎಂಬ ಗುಂಡಿ ಮತ್ತೆ ನೀಲಿಯಾಗಿತ್ತು. ಅತ್ತೆ, ಇನ್ನೊಂದು ಬರುತ್ತದೆ ನೋಡಿ ಎಂದ. ಬಂತು ಎಂದಳು. ಅಷ್ಟರಲ್ಲಿ ಅವಳನ್ನು ಯಾರೋ ಕೂಗಿದರು, ಮತ್ತೆ ರಾಶಿಯ ಹತ್ತಿರ ಬಂದಿದ್ದಳು.

‘ಮೂರು. ಲಾಭ. ಲಾಭ. ಒಂಬತ್ತು. ಐದು. ನಾಕು.’

ಅವನ ಕೈಯಲ್ಲಿ ನಾಲ್ಕೇ ಅಂಕಿ. ಎಣಿಸುವವರ ಕೂಗು ಈ ಸಲ ಇನ್ನೂ ಹತ್ತಿರವಿತ್ತು. ಎರಡು ಚೌಕ ಖಾಲಿ ಉಳಿದವು. ಅತ್ತೆ, ಮೂರು ಆದ ಮೇಲೆ ಒಂದೆರಡು ಬಿಟ್ಟುಹೋಗಿವೆ ಎಂದ.

‘ಒಂದು ಬಿಟ್ಟಿಲ್ಲ ಕಣ್ಲಾ, ಎಲ್ಡು ಸತಿ ಹೇಳ್ದೆ. ರಾಶಿ ಮುಂದೆ ನಿಂತ್ಕಂಡು ಒಂದು ಅಂತಾರೇನ್ಲಾ? ಎಲ್ಲಾ ಮರ್ತೋಯ್ತಾ?’

ಮರೆತಿತ್ತು. ಧಾನ್ಯವಾಗಲಿ ಕಾಯಾಗಲಿ, ರಾಶಿಯ ಮುಂದೆ ಎಣಿಕೆ ಒಂದು ಎಂದು ಶುರುವಾಗುವುದಿಲ್ಲ, ಲಾಭ ಎಂದೇ ಶುರು. ಲಾಭ, ಎರಡು, ಮೂರು. ಒಂದು ಎಂದರೆ ಅಷ್ಟಕ್ಕೇ ನಿಂತುಬಿಡುತ್ತದೆ ಎಂದು ಮಾವ ಹೇಳುತ್ತಿದ್ದರು. ಆ ಬೇಸಗೆಯಲ್ಲಿ ನೂರಾದಾಗಲೆಲ್ಲ ಲೆಕ್ಕಕ್ಕೆ ಒಂದು ಕಾಯಿ ಪಕ್ಕಕ್ಕಿಡುವ ಕೆಲಸ ಅವನದೇ, ಒಂದು ಎಂದು ಬಾಯಿತಪ್ಪಿ ಅಂದದ್ದಕ್ಕೆ ಇದೇ ಅತ್ತೆ ತಲೆಗೆ ಮೊಟಕಿದ್ದಳು. ಹಾಗಾದರೆ ಮೂರು ಒಂದು ಒಂದು ಒಂಬತ್ತು ಐದು ನಾಲ್ಕು. ಒಂದೊಂದಾಗಿ ಒತ್ತಿದ. ಕಣ್ಲಾ ಎಂಬ ಮಾತು ಹದಿನೈದು ವರ್ಷದ ಮೇಲೆ ಕಿವಿಗೆ ಬಿದ್ದಿತ್ತು. ಅವಳಿಗೆ ಅದು ಬಾಯಿಗೆ ಬಂದದ್ದೂ ಗೊತ್ತಾಗಿರಲಿಕ್ಕಿಲ್ಲ. ಪರದೆ ಹಸಿರಾಯಿತು. ಆ್ಯಪ್‌ನ ಬಿಳಿ ಬಯಲಿನಲ್ಲಿ ಅವನ ಹೆಸರು ಮೂಡಿ, ಕೆಳಗೆ ಅಂಕಿಗಳು ಹುಟ್ಟತೊಡಗಿದವು. ಆಯಿತು ಅತ್ತೆ, ಆಯಿತು ಎಂದು ಅವನು ಸ್ವಲ್ಪ ಜೋರಾಗಿಯೇ ಅಂದ. ಇಮ್ದಾದ್ ತಿರುಗಿ ನೋಡಿ ಹೆಬ್ಬೆರಳೆತ್ತಿದ.

ಭಾನುವಾರ ಬರುತ್ತೇನೆ ಎಂದು ಹೇಳಲು ಅವನು ಬಾಯಿ ತೆರೆದಿದ್ದ. ನಿಜವಾಗಿ ತೆರೆದಿದ್ದ. ಅವಳು ಮುಂಚೆ ಮಾತಾಡಿದಳು, ತಗ್ಗಿದ ದನಿಯಲ್ಲಿ, ರಾಶಿಯಿಂದ ಮತ್ತೆ ದೂರ ಹೋಗಿ. ನಯನಳಿಗೆ ಈಗ ಏಳು ತಿಂಗಳು, ಇಲ್ಲೇ ಇದ್ದಾಳೆ. ಅಳಿಯಂದಿರು ವಾರಕ್ಕೆರಡು ದಿನ ಬಂದು ಹೋಗುತ್ತಾರೆ, ಒಳ್ಳೆಯವರು, ಆದರೆ ಬಂದಾಗ ಫೋನು ಈಸಿಕೊಂಡು ಏನೇನೋ ನೋಡುತ್ತಾರೆ. ಹೋದ ವಾರದ ಸೋಮವಾರ ಅವರ ಕೈಯಲ್ಲಿದ್ದಾಗಲೇ ಮೆಸೇಜು ಬಂತು. ಇದ್ಯಾರು, ಇವರಿಗೆ ನೀವು ನಂಬಿಕಸ್ಥರು ಹೇಗೆ ಎಂದು ಕೇಳಿದರು. ನಯನ ಎದ್ದು ಒಳಗೆ ಹೋಗಿ ಊಟ ಮಾಡಲಿಲ್ಲ.

‘ಬಸುರಿ ಹುಡ್ಗಿ’ ಎಂದಳು. ‘ಬ್ಯಾಸ್ರ ಮಾಡ್ಕಬ್ಯಾಡಿ. ನನ್ನ ನಂಬರ್ ತೆಗ್ದುಬುಡಿ ಅದ್ರಿಂದ. ನಿಮ್ಗೆ ಬೇಕಾದೋರ್ದು ಯಾರ್ದಾರ ಹಾಕ್ಕಳಿ.’

ತೆಗ್ದುಬುಡಿ. ಹಾಕ್ಕಳಿ. ನಿಮ್ಗೆ. ಇಷ್ಟು ಹೊತ್ತು ಬದಿಯಿಂದ ನಡೆದ ಮಾತು ಕೊನೆಗೆ ತನ್ನ ಜಾಗಕ್ಕೆ ಬಂದು ಕೂತಿತು. ತಿಮ್ಮರಾಜು ಆಗಲಿ ಅತ್ತೆ, ಇವತ್ತೇ ತೆಗೆಯುತ್ತೇನೆ ಅಂದ. ಅವಳು ಹೂಂ ಅಂದಳು, ಇಡಲಿಲ್ಲ. ಅವನೂ ಇಡಲಿಲ್ಲ. ಎಣಿಸುವವರು ಇಪ್ಪತ್ತನೆಯ ನೂರು ಮುಗಿಯಿತು ಎಂದು ಅವಳನ್ನು ಕೂಗಿದರು. ಬಂದೆ ಎಂದು ಅವರಿಗೆ ಹೇಳಿ, ಫೋನನ್ನು ಮಡಿಲಿಗೆ ಹಾಕಿಕೊಂಡಳೋ ಏನೋ, ಬಟ್ಟೆಯ ಸರಬರ ಸದ್ದು ಸ್ವಲ್ಪ ಹೊತ್ತು ಕೇಳಿ ಕಡೆಗೆ ಸಂಪರ್ಕ ಕಡಿಯಿತು.

ಅರವತ್ತೆರಡು ಅಂಕಗಳನ್ನು ಅವನು ಇಪ್ಪತ್ತು ನಿಮಿಷದಲ್ಲಿ ಏರಿಸಿದ. ಮಲ್ಲಿಕಾರ್ಜುನಯ್ಯನವರು ಬಾಗಿಲಲ್ಲಿ ನಿಂತು ಆಯಿತೇನ್ರೀ ಎಂದರು, ಆಯಿತು ಸಾರ್ ಎಂದ. ನಾಲ್ಕೂ ಮುಕ್ಕಾಲು. ಮಕ್ಕಳು ಪಾರಾದರು ಎಂಬ ಸಮಾಧಾನ ಎಲ್ಲಿಂದಾದರೂ ಬರುತ್ತದೇನೋ ಎಂದು ನೋಡಿದ. ಆಮೇಲೆ ತನ್ನ ವಿವರಗಳ ಪುಟ ತೆರೆದು ಸಂಖ್ಯೆ ತೆಗೆಯಿರಿ ಎಂಬುದನ್ನು ಒತ್ತಿದ. ಒಂದನ್ನು ತೆಗೆಯಲು ಇನ್ನೊಂದನ್ನು ಕೊಡತಕ್ಕದ್ದು ಎಂದಿತು. ತನ್ನದೇ ಸಂಖ್ಯೆ ಕೊಟ್ಟ. ನೀವೇ ನಿಮ್ಮ ನಂಬಿಕಸ್ಥರಾಗುವಂತಿಲ್ಲ ಎಂದಿತು. ಮತ್ತೆ ಫೋನು ತೆಗೆದು ಹೆಸರುಗಳನ್ನು ಓಡಿಸಿದ. ಗ್ಯಾಸು, ಹಾಲು, ಕಣ್ಣು. ಇಮ್ದಾದ್ ಚೀಲ ಹೆಗಲಿಗೇರಿಸಿ ಹೊರಟವನು ಹಿಂದೆ ನಿಂತು ಪರದೆಯನ್ನು ಓದಿ, ಅದಕ್ಕೇನು ಸರ್, ನನ್ನದು ಹಾಕಿಕೊಳ್ಳಿ, ನಾನು ಇಲ್ಲೇ ಇರುತ್ತೇನಲ್ಲ ಎಂದು ಹತ್ತು ಅಂಕಿಗಳನ್ನು ತಡವರಿಸದೆ ಹೇಳಿದ. ಒಂದು ಎಂಬುದನ್ನು ಒಂದು ಎಂದೇ ಹೇಳಿದ, ಒಂದೇ ಸಲಕ್ಕೆ ಸರಿಯಾಯಿತು. ಸಂಬಂಧ ಎಂಬಲ್ಲಿ ತಿಮ್ಮರಾಜು ಇತರೆ ಎಂಬುದನ್ನು ಆರಿಸಿದ. ಹಳೆಯ ಸಂಖ್ಯೆಗೆ ಕೊನೆಯ ಸಂದೇಶ ಕಳುಹಿಸಲಾಗಿದೆ ಎಂದು ಅದು ತಿಳಿಸಿತು. ಆ ಸಂದೇಶದಲ್ಲಿ ಏನು ಬರೆದಿರುತ್ತಾರೆಂದು ಅದು ಹೇಳಲಿಲ್ಲ, ಅವನು ಇಮ್ದಾದ್‌ನನ್ನು ಕೇಳಲೂ ಇಲ್ಲ.

ಮುಂದಿನ ಸೋಮವಾರ ಪರೀಕ್ಷೆಗೆ ಮುಂಚಿನ ಪುನರಾವರ್ತನೆಯ ಪಾಠ ಹತ್ತಕ್ಕಿತ್ತು. ಸೆಮಿಸ್ಟರ್ ಮುಗಿದಿದ್ದರಿಂದ ಹಾಜರಿ ತುಂಬುವುದು ಬಾಕಿಯಿರಲಿಲ್ಲ. ಮುಂದಿನ ಸೆಮಿಸ್ಟರಿನ ಪಟ್ಟಿ ಇನ್ನೂ ಬಂದಿರಲಿಲ್ಲ. ಪೋರ್ಟಲ್‌ನಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ. ಆದರೂ ಪಾಠ ಬಿಟ್ಟ ಕೂಡಲೆ ಸ್ಟಾಫ್ ರೂಮಿಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಹೆಸರು ಹೊಡೆದ, ಪಾಸ್‌ವರ್ಡ್ ಹೊಡೆದ, ಆ್ಯಪ್ ನೋಡಿ ಆರು ಅಂಕಿ ಹೊಡೆದ. ಒಳಗೆ ಹೋದ. ಪಕ್ಕದ ಮೇಜಿನ ಮೇಲೆ ಇಮ್ದಾದ್‌ನ ಫೋನು ಒಂದು ಸಲ ಟಿಣ್ ಎಂದಿತು. ಇಮ್ದಾದ್ ಉತ್ತರ ಪತ್ರಿಕೆಯಿಂದ ತಲೆ ಎತ್ತದೆ ಎಡಗೈಯಲ್ಲಿ ಅದನ್ನು ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದ.

‘ಸರ್, ನಿಮ್ಮದೇ. ಇದು ಪ್ರತೀ ಸಲ ಬರತ್ತಾ?’

‘ಸೋಮವಾರ ಸೋಮವಾರ.’

‘ತಪ್ಪು ತಿಳ್ಕೋಬೇಡಿ ಸರ್, ಕ್ಲಾಸಲ್ಲಿರುವಾಗ ಸದ್ದಾಗತ್ತೆ. ಮ್ಯೂಟ್ ಮಾಡ್ಕೊಳ್ಳಲಾ?’

ಗಂಟೆ ಹತ್ತೂ ಐವತ್ತೈದು. ಮಾಡ್ಕೊಳ್ಳಿ ಎಂದು ತಿಮ್ಮರಾಜು ಹೇಳಿದ.